ಡಾಕ್ಟರವ್ವನ ಗಾಡಿಯ ಉಡಿ

1976ರ ಜೂನ್ ತಿಂಗಳಲ್ಲಿ ನನ್ನನ್ನು ಗಂಗಾವತಿಯ ಸಮೀಪದ ಒಂದು ಸಂಶೋಧನಾ ಕೇಂದ್ರಕ್ಕೆ ಮಣ್ಣು ವಿಭಾಗದ ಸಹಾಯಕ ಸಂಶೋಧಕನಾಗಿ ವರ್ಗ ಮಾಡಿದರು. ಈಗ ಕೊಪ್ಪಳ ಜಿಲ್ಲೆಯಾಗಿರುವ ಆ ತಾಲ್ಲೂಕುಗಳೆಲ್ಲ ಆಗ ರಾಯಚೂರು ಜಿಲ್ಲೆಯಲ್ಲಿದ್ದವು. ಕಾಲುವೆ ನೀರುಂಡ ಭತ್ತದ ಗದ್ದೆಗಳಲ್ಲಿ ಬೆಳ್ಳಗೆ ಉಪ್ಪು ಮೇಲೇಳುವುದೇಕೆ ಎಂಬುದನ್ನು ಪತ್ತೆಹಚ್ಚುವುದು ನನ್ನ ಕೆಲಸ. ಹನ್ನೆರಡು ವರ್ಷ ಅಲ್ಲಿದ್ದೆ. ಆ ಅವಧಿಯಲ್ಲಿ ನಾನು ಬರೆದ ವರದಿಗಳಲ್ಲಿ ಎಲ್ಲಿಯೂ ಸೇರದ, ನನ್ನ ಮಟ್ಟಿಗೆ ಅವೆಲ್ಲಕ್ಕಿಂತ ದೊಡ್ಡದಾದ ಒಂದು ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ದಿನಾಂಕವನ್ನು ತಾಳೆ ನೋಡದೆ ಒಂದು ವಾಕ್ಯವನ್ನೂ ಮುಂದುವರಿಸಲಾಗದ ಚಾಳಿ ನನ್ನದು. ಈ ಘಟನೆ 1981ರದ್ದು ಎಂದೇ ಬಹುಕಾಲ ನಂಬಿದ್ದೆ. ಆದರೆ ಅಂದು ಮಾಘ ಮಾಸದ ಭಾರತ ಹುಣ್ಣಿಮೆ, ಮೇಲಾಗಿ ಸೋಮವಾರ. ವಾರದ ಮೊದಲ ದಿನವೇ ರಜೆ ಕೇಳಿದ್ದಕ್ಕೆ ಮೇಲಧಿಕಾರಿ ಮುಖ ಸಿಂಡರಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಹಳೆಯ ಪಂಚಾಂಗ ತೆಗೆದು ನೋಡಿದರೆ 1981ರಲ್ಲಿ ಆ ಹುಣ್ಣಿಮೆ ಬುಧವಾರ ಬಂದಿದೆ. ಮರುವರ್ಷ ಫೆಬ್ರುವರಿ 8ರಂದು, ಸೋಮವಾರ. ಆದ್ದರಿಂದ ಇದು 1982ರ ಸಂಗತಿ.

ಹಳೆಯ ಕಾರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಗೀಳು ಧಾರವಾಡದಲ್ಲಿ ಓದುವಾಗಲೇ ನನಗೆ ಹತ್ತಿತ್ತು. ನೋಡಲು ಬಂದವರು ಹೊಸ ಬಣ್ಣವನ್ನೂ ಹೊಳೆಯುವ ಬಂಪರನ್ನೂ ಮೆಚ್ಚುತ್ತಾರೆ. ನನಗೆ ಪ್ರಿಯವಾದ ಘಟ್ಟಗಳು ಬೇರೆ. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟಿಗೆ ಸೀಮೆಎಣ್ಣೆ ಉಣಿಸಿ, ಅವಸರ ಮಾಡದೆ ಬಿಟ್ಟು, ಮರುದಿನ ಪಾನಾ ಹಾಕಿದಾಗ ಅದು ಸಣ್ಣಗೆ ಕಿರುಗುಟ್ಟಿ ಸಡಿಲಾಗುತ್ತದಲ್ಲ, ಆ ಗಳಿಗೆ. ಹಳೆಯ ಬಣ್ಣ ಕೆರೆಯುವುದೂ ನನಗೆ ಇಷ್ಟ. ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಮ್ಮಣ್ಣಿನ ಬಣ್ಣದ ಮೊದಲ ಲೇಪ, ಎಲ್ಲವೂ ಗುಂಡಿ ತೋಡಿ ನೋಡುವ ಮಣ್ಣಿನ ಪದರಗಳ ಹಾಗೆಯೇ. ಇನ್ನೊಂದು, ವಾಲ್ವ್ ಅರೆಯುವ ಕೆಲಸ. ಎಂಜಿನ್ನಿನೊಳಗೆ ಪೆಟ್ರೋಲು ಬೆರೆತ ಗಾಳಿ ಹೋಗುವ, ಹೊಗೆ ಹೊರಬರುವ ಬಾಗಿಲುಗಳೇ ವಾಲ್ವ್‌ಗಳು. ಅವು ತಮ್ಮ ಪೀಠದ ಮೇಲೆ ಕೂದಲೆಳೆಯ ಸಂದೂ ಇಲ್ಲದೆ ಕೂರಬೇಕು. ಅದಕ್ಕಾಗಿ ಲೋಹ ಉಜ್ಜುವ ನುಣ್ಣನೆಯ ಮಸಾಲೆ ಹಚ್ಚಿ, ಅಂಗೈಗಳ ನಡುವೆ ಕೋಲು ಹಿಡಿದು ಮಜ್ಜಿಗೆ ಕಡೆದಂತೆ ತಿರುಗಿಸುತ್ತ ಕೂರಬೇಕು. ಮೊದಲು ಕರಕರ ಎನ್ನುವ ಸದ್ದು ಬರಬರುತ್ತ ಮೆತ್ತಗಾಗುತ್ತದೆ. ಕೆಲಸ ಮುಗಿದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಈ ಗೀಳಿಗೆ ಗಂಗಾವತಿಯಲ್ಲಿ ನನಗೆ ಸಿಕ್ಕ ಜೊತೆಗಾರ ಮೌಲಾಸಾಬ ಮಿಸ್ತ್ರಿ. ಅಕ್ಕಿ ಗಿರಣಿಯ ಮೋಟಾರು, ಟ್ರ್ಯಾಕ್ಟರು, ಲಾರಿ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು. ವಿನಯಕ್ಕೂ ಅವರಿಗೂ ದೂರದ ನಂಟೂ ಇರಲಿಲ್ಲ. ವಿಶೇಷವಾಗಿ ವೈರಿಂಗಿನ ವಿಷಯದಲ್ಲಿ ತಮಗೆ ಸಮ ಯಾರೂ ಇಲ್ಲವೆಂದು ಅವರೇ ಸಾರುತ್ತಿದ್ದರು. ಒಮ್ಮೆ ಒಂದು ಟ್ರ್ಯಾಕ್ಟರಿಗೆ ಅವರು ತಂತಿ ಎಳೆದ ಮೇಲೆ ಹಾರ್ನ್ ಒತ್ತಿದರೆ ದೀಪ ಹತ್ತತೊಡಗಿತು. ಮಾಲೀಕ ಬೈಯುತ್ತ ಬಂದ. ಮಿಸ್ತ್ರಿ ತಲೆಯೆತ್ತದೆ ಹೇಳಿದರು: “ರಾತ್ರಿ ಹಾರ್ನ್ ಕೇಳಿದವಗ ಗಾಡಿ ಕಾಣಬಾರದೇನ್ರಿ? ಬೇಕಂತನ ಮಾಡೀನಿ.” ಅವರ ಬಾಯಲ್ಲಿ ತಪ್ಪಾಯಿತು ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

1979ರ ಬೇಸಿಗೆಯ ಆರಂಭದಲ್ಲಿ, ಒಣಭೂಮಿಯ ಮಣ್ಣನ್ನು ಕಾಲುವೆ ಭಾಗದ ಮಣ್ಣಿನೊಂದಿಗೆ ಹೋಲಿಸುವ ಸಲುವಾಗಿ ಮಾದರಿ ತರಲು ಕುಷ್ಟಗಿಗೆ ಹೋಗಿದ್ದೆ. ಒಂದು ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ, ಜೋಳದ ಕಣಿಕೆಯ ಬಣವೆಯ ಪಕ್ಕದಲ್ಲಿ, ದುಂಡನೆಯ ಮಡ್‌ಗಾರ್ಡ್ ಒಂದು ಇಣುಕುತ್ತಿತ್ತು. ಅದು ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಇಂಗ್ಲಿಷ್ ಕಾರು. ನಾಲ್ಕು ಜನ ಕೂರುವಂಥದ್ದು. ಕಟ್ಟಿಗೆಯ ಚೌಕಟ್ಟಿನ ಮೇಲೆ ತಗಡು ಹೊದಿಸಿ ಕಟ್ಟಿದ ಮೈ. ನಿಜಾಮರ ಆಡಳಿತದ ಕೊನೆಯ ವರ್ಷಗಳಲ್ಲಿ ಆ ಊರಿನ ಡಾಕ್ಟರೊಬ್ಬರು ಹೈದರಾಬಾದಿನಿಂದ ತಂದಿದ್ದರಂತೆ. ಡಾಕ್ಟರು ತೀರಿಕೊಂಡು ಆಗಲೇ ಹತ್ತು ವರ್ಷ ಮೀರಿತ್ತು. ಅವರ ಪತ್ನಿ ಚನ್ನಬಸವ್ವನವರನ್ನು ಊರಲ್ಲಿ ಡಾಕ್ಟರವ್ವ ಎನ್ನುತ್ತಿದ್ದರು.

ನಾನು ಕಾರನ್ನು ಮುಟ್ಟಿ ನೋಡುತ್ತಿದ್ದಾಗ ಆಕೆ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

“ಗಾಡಿ ಮಾರಾಕಿಲ್ಲ. ಕೊಳ್ಳಾಕ ಬಂದಿದ್ರ ಚಾ ಕುಡದು ಹೋಗ್ರಿ.”

“ಕೊಳ್ಳಾಕಲ್ರಿ. ನಡಸಾಕ ಬರತೈತೇನು ಅಂತ ನೋಡಾಕತ್ತಿದ್ದೆ.”

ಆಕೆ ಮೆಟ್ಟಿಲಿಳಿದು ಬಂದರು. “ನಡಸ್ತೀರಿ? ಹುಲಿಗಿತನಕ?”

ಹುಲಿಗಿಯೆಂದರೆ ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಕ್ಷೇತ್ರ. ಕುಷ್ಟಗಿಯಿಂದ ದಿನವೂ ಬಸ್ಸುಗಳಿದ್ದವು. ಹಾಗೆಂದು ಹೇಳಿದೆ.

“ಬಸ್ಸಿನ್ಯಾಗ ಬರ್ತೀನಿ ಅಂತ ಆಕಿಗೆ ಅಂದಿಲ್ಲಪ್ಪ ನಾ,” ಎಂದರು ಡಾಕ್ಟರವ್ವ.

ಚಹಾ ಕುಡಿಯುವಾಗ ವಿಷಯ ತಿಳಿಯಿತು. ಡಾಕ್ಟರು ಒಮ್ಮೆ ಹಾಸಿಗೆ ಹಿಡಿದು, ಬದುಕುವ ಭರವಸೆಯಿಲ್ಲದಾಗ ಆಕೆ ಹರಕೆ ಹೊತ್ತಿದ್ದರು: ಇವರು ಎದ್ದು ಕೂತರೆ ಇದೇ ಗಾಡಿಯಲ್ಲಿ ಬಂದು ನಿನ್ನ ಉಡಿ ತುಂಬುತ್ತೇನೆ ಎಂದು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಕುಪ್ಪಸದ ಖಣ ಇವನ್ನು ದೇವಿಯ ಮಡಿಲಿಗೆ ಅರ್ಪಿಸುವುದೇ ಉಡಿ ತುಂಬುವುದು. ಗಂಡನ ಮನೆಗೆ ಹೊರಟ ಮಗಳಿಗೂ ಹಾಗೆಯೇ ತುಂಬಿ ಕಳುಹಿಸುತ್ತಾರೆ. ಡಾಕ್ಟರು ಎದ್ದು ಕೂತರು. ಆದರೆ ಅಷ್ಟರಲ್ಲಿ ಗಾಡಿ ಕೆಟ್ಟು ನಿಂತಿತ್ತು. ಮುಂದಿನ ಹುಣ್ಣಿಮೆಗೆ ಮಾಡಿಸೋಣ, ಅದರ ಮುಂದಿನದಕ್ಕೆ ಮಾಡಿಸೋಣ ಎನ್ನುತ್ತಲೇ ಎರಡು ವರ್ಷ ಕಳೆದು ಅವರು ಹೊರಟುಹೋದರು. ಹರಕೆ ತೀರಿಸದೆ ಹೋದದ್ದಕ್ಕೇ ಗಂಡ ಹೋದರೆಂಬುದು ಆಕೆಯ ನಂಬಿಕೆ. ಅದನ್ನು ಆಕೆ ಅಳುತ್ತ ಹೇಳಲಿಲ್ಲ. ಕಪ್ಪು ಬಸಿ ಎತ್ತಿಡುತ್ತ, ಬಾಕಿ ಉಳಿದ ಮನೆಗೆಲಸವೊಂದರ ಬಗ್ಗೆ ಹೇಳುವಂತೆ ಹೇಳಿದರು.

ಮರುವಾರ ಮೌಲಾಸಾಬರು ಲಾರಿ ತಂದರು. ಕಾರನ್ನು ಮೇಲೇರಿಸುವ ಮುನ್ನ ಡಾಕ್ಟರವ್ವ ನಮ್ಮನ್ನು ತಡೆದರು. ಗಾಡಿ ಮೊದಲ ಸಲ ಆ ಮನೆ ಬಿಟ್ಟು ಬೇರೆ ಊರಿನಲ್ಲಿರಲು ಹೋಗುತ್ತಿತ್ತು. ಉಡಿ ತುಂಬದೆ ಕಳಿಸುವಂತಿಲ್ಲ. ಆದರೆ ವಿಧವೆಯಾದ ಆಕೆ ಉಡಿ ತುಂಬುವಂತಿರಲಿಲ್ಲ. ಅದು ಮುತ್ತೈದೆಯರ ಕೈಯಿಂದ ಆಗಬೇಕಾದ ಶಾಸ್ತ್ರ. ನೆರೆಮನೆಯ ನೀಲವ್ವನನ್ನು ಕರೆಸಿದರು. ನೀಲವ್ವ ಮುಂದಿನ ಸೀಟಿನ ಮೇಲೆ ಹಸಿರು ಖಣ ಹಾಸಿ ಅಕ್ಕಿ ಸುರಿದಳು. ಡಾಕ್ಟರವ್ವ ಬಾಗಿಲ ಮರೆಯಲ್ಲಿ ನಿಂತು, “ಐದ ಬೊಗಸಿ ಹಾಕವ್ವ, ಕಡಿಮಿ ಮಾಡಬ್ಯಾಡ,” ಎಂದು ಹೇಳಿಕೊಡುತ್ತಿದ್ದರು.

“ನಮ್ಮ ಅಕ್ಕನ ಲಗ್ನದಾಗೂ ಇಷ್ಟ ಮಾಡಿರಲಿಲ್ರಿ,” ಎಂದರು ಮೌಲಾಸಾಬರು.

“ನಿಮ್ಮ ಅಕ್ಕ ನಡಕೋತ ಹೋಗಿರತಾಳ. ಇದಕ್ಕ ಕಾಲಿಲ್ಲೋ ಮೌಲಾ, ಹೊತಗೊಂಡ ಹೊಂಟೀರಿ,” ಎಂದರು ಆಕೆ. ಅಂದಿನಿಂದ ಅವರು ಆಕೆಗೆ ಮೌಲಾ ಆದರು, ಆಕೆ ಅವರಿಗೆ ಅವ್ವಾರಾದರು. ಗಂಗಾವತಿ ಮುಟ್ಟಿದ ಮೇಲೆ ಆ ಉಡಿಯನ್ನು ಮಿಸ್ತ್ರಿಯ ಹೆಂಡತಿ ಗೌರವದಿಂದ ತೆಗೆದು ಒಳಗಿಟ್ಟಳು.

ಕೆಲಸ ಎರಡೂವರೆ ವರ್ಷ ಹಿಡಿಯಿತು. ಯಲಬುರ್ಗಾದ ಬಳಿಯ ಹೊಲದ ಮನೆಯೊಂದರಲ್ಲಿ ಇದೇ ಮಾದರಿಯ ಇನ್ನೊಂದು ಕಾರು ಕೋಳಿಗೂಡಾಗಿ ಬಿದ್ದಿತ್ತು. ಕೋಳಿಗಳಿಗೆ ಬೇರೆ ಗೂಡು ಕಟ್ಟಿಸಿಕೊಟ್ಟು ಅದರ ಗೇರ್ ಬಾಕ್ಸನ್ನೂ ಎರಡು ಬಾಗಿಲುಗಳನ್ನೂ ತಂದೆವು. ಗೆದ್ದಲು ತಿಂದ ಚೌಕಟ್ಟನ್ನು ಕಟ್ಟಿಗೆಯ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಒಬ್ಬ ಕುಶಲಕರ್ಮಿ ಸಾಗುವಾನಿಯಲ್ಲಿ ಹೊಸದಾಗಿ ಕೆತ್ತಿದರು. ಗೊಂಬೆಯ ಗಲ್ಲ ನಯಮಾಡಿದ ಕೈಗೆ ಕಾರಿನ ಬಾಗು ಕಷ್ಟವೆನಿಸಲಿಲ್ಲ. ಸೀಟಿಗೆ ತೆಂಗಿನ ನಾರು ತುಂಬಿ ಕೊಪ್ಪಳದಲ್ಲಿ ಹೊಲಿಸಿದೆವು. ವಾಲ್ವ್‌ಗಳನ್ನು ನಾನೇ ಅರೆದೆ. ವೈರಿಂಗ್ ಮಾತ್ರ ಮೌಲಾಸಾಬರದು. ಆ ಕೆಲಸ ನಡೆದಾಗ ನನ್ನನ್ನು ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಆಗಿನ ಕಾಲದ ತಂತಿಗಳಿಗಿದ್ದಂತೆಯೇ ನೂಲಿನ ಹೊದಿಕೆ ಇರಬೇಕೆಂದು ಹುಡುಕಿ ತರಿಸಿ, ಒಂದೊಂದು ಜೋಡಣೆಯನ್ನೂ ಬೆಸುಗೆ ಹಾಕಿ, ಮೇಣದ ದಾರ ಸುತ್ತಿ ಗಂಟು ಹಾಕಿದರು. “ಗಾಡಿ ಮಣ್ಣಾದ್ರೂ ಈ ಗಂಟು ಬಿಚ್ಚೂದಿಲ್ರಿ ಸಾಹೇಬ್ರ,” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

1981ರ ನವೆಂಬರಿನಲ್ಲಿ ಕಾರು ತನ್ನ ಮೂಲದ ಹಸಿರು ಬಣ್ಣದಲ್ಲಿ, ತನ್ನದೇ ಚಕ್ರಗಳ ಮೇಲೆ ಕುಷ್ಟಗಿಗೆ ಮರಳಿತು. ಸದ್ದು ಕೇಳಿ ಹೊರಬಂದ ಡಾಕ್ಟರವ್ವ ಕಾರನ್ನು ನೋಡಲಿಲ್ಲ. ಚಾಲಕನ ಜಾಗವನ್ನು ನೋಡಿದರು. ಅಲ್ಲಿ ಮೌಲಾಸಾಬರಿದ್ದರು. ಆಕೆ ಒಳಗೆ ಹೋಗಿ, ಮುಖ ತೊಳೆದುಕೊಂಡು ಮತ್ತೆ ಬಂದರು. ಹರಕೆಯನ್ನು ಭಾರತ ಹುಣ್ಣಿಮೆಗೇ ತೀರಿಸಬೇಕು, ಅಲ್ಲಿಯವರೆಗೆ ಗಾಡಿ ಮನೆಯಲ್ಲಿರಲಿ ಎಂದರು. ಕೊಟ್ಟಿಗೆಯ ಅದೇ ಜಾಗದಲ್ಲಿ, ಅದೇ ಕಣಿಕೆಯ ಬಣವೆಯ ಪಕ್ಕದಲ್ಲಿ ನಿಲ್ಲಿಸಿದೆವು. ಹೊರಡುವಾಗ ಆಕೆ ನನ್ನನ್ನು ಕೇಳಿದರು: “ಹಿಂದಿನ ಗಾದಿ ಎತ್ತಾಕ ಬರತೈತೇನ್ರಿ?” ಕಸ ಗುಡಿಸಲು ಕೇಳುತ್ತಿದ್ದಾರೆಂದು ಭಾವಿಸಿ ಎತ್ತುವ ಬಗೆ ತೋರಿಸಿದೆ.

ಹುಣ್ಣಿಮೆಯ ಬೆಳಿಗ್ಗೆ ಕುಷ್ಟಗಿಯಿಂದ ಹೊರಟೆವು. ಮೌಲಾಸಾಬರು ಚಾಲನೆಯಲ್ಲಿ, ಪಕ್ಕದಲ್ಲಿ ನಾನು. ಹಿಂದೆ ಉಡಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡ ಡಾಕ್ಟರವ್ವ ಮತ್ತು ದೇವಿಯ ಉಡಿ ತುಂಬಲಿದ್ದ ನೀಲವ್ವ. ಎಂಜಿನ್ ಒಂದೇ ಸಮನೆ ನಡೆಯುತ್ತಿತ್ತು. ಮೌಲಾಸಾಬರು ಎದುರಿಗೆ ಬಂದ ಎತ್ತಿನ ಗಾಡಿಗಳಿಗೂ ಹಾರ್ನ್ ಒತ್ತಿ ಸಲಾಮು ಪಡೆಯುತ್ತಿದ್ದರು.

“ಮೌಲಾ, ಸಾವಕಾಶ ಹೊಡಿ. ಡಾಕ್ಟರು ಇಷ್ಟು ಜೋರ ಹೊಡೀತಿದ್ದಿಲ್ಲ.”

“ಡಾಕ್ಟರಿಗೆ ಪೇಶಂಟ್ ಕಾಯ್ತಿದ್ರು ಅವ್ವಾರ. ನಮಗ ದೇವರು ಕಾಯಾಕತ್ಯಾಳ.”

ಆಕೆ ನಕ್ಕರು. ನೀಲವ್ವ ಕಿಟಕಿಯಾಚೆ ನೋಡುತ್ತ ತೂಕಡಿಸತೊಡಗಿದ ಮೇಲೆ ಮುಂದಕ್ಕೆ ಬಗ್ಗಿ ನಮ್ಮಿಬ್ಬರಿಗಷ್ಟೇ ಕೇಳುವಂತೆ ಹೇಳಿದರು: “ಗಾಡಿ ತಿರುಗಿ ಬಂದ ಮ್ಯಾಲ ಉಡಿ ನಾನ ತುಂಬೀನ್ರಿ. ನನ್ನ ಕೈಲೆ. ನನ್ನ ಲಗ್ನದ ಖಣ ಹಾಕಿ, ಗಾದಿ ಹಿಂದ, ಯಾರಿಗೂ ಕಾಣದಂಗ. ತಪ್ಪೇನೋ ಖರೆ. ಯಾರ ಮುಂದೂ ಅನಬ್ಯಾಡ್ರಿ.” ಅಷ್ಟು ಸಂತೋಷದಲ್ಲಿ ಆಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೌಲಾಸಾಬರು ಕನ್ನಡಿಯಲ್ಲಿ ಆಕೆಯನ್ನು ನೋಡಿ, “ಮಗಳಿಗೆ ತಾಯಿ ತುಂಬಿದ್ರ ಏನ್ ತಪ್ರಿ,” ಎಂದರು.

ಒಂದು ದಿನ್ನೆ ಇಳಿಯುವಾಗ ಅವರು ಬ್ರೇಕನ್ನು ಒತ್ತಿ ಹಿಡಿದಿದ್ದರು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪಕ್ಕೆ ವಿದ್ಯುತ್ ಹರಿಯುತ್ತದೆ. ಆ ತಂತಿ ಹಿಂಬದಿ ಸೀಟಿನ ಬೆನ್ನಿಗೆ ಹಾದು ಹೋಗುತ್ತದೆ. ಇಳಿಜಾರು ಮುಗಿಯುವುದರೊಳಗೆ ಸುಟ್ಟ ನಾರಿನ ವಾಸನೆ ಬಂತು. ಗಾಡಿ ನಿಂತದ್ದೇ ಹೆಂಗಸರಿಬ್ಬರನ್ನೂ ಕೆಳಗಿಳಿಸಿ ದೂರ ಕಳಿಸಿದೆ. ಮೌಲಾಸಾಬರು ಬ್ಯಾಟರಿಯ ತಂತಿ ಕಿತ್ತೆಸೆದು ಬಂದು ಹಿಂದಿನ ಸೀಟನ್ನು ಎತ್ತಿದರು.

ನಾವಿಬ್ಬರೂ ಅದನ್ನು ಒಟ್ಟಿಗೇ ನೋಡಿದೆವು. ಚೂರುಚೂರಾದ ಖಣ, ಅಕ್ಕಿಯ ನುಚ್ಚು, ಕಡಿದ ಕೊಬ್ಬರಿ ಬಟ್ಟಲು, ಅದೆಲ್ಲದರ ನಡುವೆ ತೆಂಗಿನ ನಾರು ಕಿತ್ತು ಕಟ್ಟಿದ ಇಲಿಯ ಗೂಡು. ಅಕ್ಕಿಗೆಂದು ಬಂದ ಇಲಿಗಳು ಅಲ್ಲೇ ನೆಲೆಸಿ, ತಂತಿಯ ನೂಲಿನ ಹೊದಿಕೆಯನ್ನು ಗೇಣುಗಟ್ಟಲೆ ತಿಂದು ತಾಮ್ರ ಬರಿದು ಮಾಡಿದ್ದವು. ಮೌಲಾಸಾಬರು ಕೈಗೆ ಸಿಕ್ಕ ತಂತಿಯ ತುಂಡೊಂದನ್ನು ಕಿತ್ತುಕೊಂಡರು. ಮೇಲೆತ್ತಿದ ಸೀಟಿನೊಳಕ್ಕೆ ಗಾಳಿ ನುಗ್ಗಿದ್ದೇ ನಾರು ಭಗ್ಗೆಂದಿತು. ನಾನು ಅವರ ತೋಳು ಹಿಡಿದು ಹಿಂದಕ್ಕೆಳೆದೆ. ರಸ್ತೆಯ ಮಣ್ಣನ್ನು ಬೊಗಸೆಯಲ್ಲಿ ತುಂಬಿ ಎರಚಿದೆವು. ಅದರಿಂದ ಆಗುವಂಥದ್ದೇನೂ ಉಳಿದಿರಲಿಲ್ಲ. ಸಾಗುವಾನಿಯ ಚೌಕಟ್ಟು ಹೊತ್ತಿಕೊಂಡಿತು, ಆಮೇಲೆ ಪೆಟ್ರೋಲು.

ಡಾಕ್ಟರವ್ವ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದರು. ನೀಲವ್ವ ಎರಡೂ ಕೈ ಜೋಡಿಸಿ, “ಆಕಿ ಒಲ್ಲೆ ಅಂದ್ಲು ನೋಡವ್ವ. ಇಲ್ಲಿಂದನ ಹೊಳ್ಳಿ ಹೋಗೂಣು ನಡಿ,” ಎಂದಳು.

ಡಾಕ್ಟರವ್ವ ತಮ್ಮ ಎರಡೂ ಅಂಗೈಗಳನ್ನು ಸೆರಗಿಗೆ ಉಜ್ಜಿಕೊಳ್ಳುತ್ತಿದ್ದರು, ಏನೋ ಅಂಟಿಕೊಂಡಂತೆ. ಉಜ್ಜಿಕೊಳ್ಳುತ್ತಲೇ ಕೇಳಿದರು: “ಮಾಡಬಾರದ್ದು ಮಾಡಿದ್ರ ಹಿಂಗ ಆಕ್ಕೈತೇನೋ ಮೌಲಾ? ಮುಟ್ಟಬಾರದ ಕೈ ಮುಟ್ಟಿದ್ರ?”

ನಾನು ಕಾರಣ ಹುಡುಕುವ ಕೆಲಸದವನು. ಕಾರಣ ನನ್ನ ಕಣ್ಣೆದುರಿಗಿತ್ತು, ಅದರ ಸಾಕ್ಷಿ ಮಿಸ್ತ್ರಿಯ ಮುಷ್ಟಿಯಲ್ಲಿತ್ತು. ಬಾಯಿ ತೆರೆಯಬೇಕೋ ಬೇಡವೋ ಎಂದು ನಾನು ಯೋಚಿಸುವುದರೊಳಗೆ ಮೌಲಾಸಾಬರು ಆ ಮುಷ್ಟಿಯನ್ನು ಜೇಬಿಗಿಳಿಸಿ ಆಕೆಯ ಎದುರು ಕುಕ್ಕರಗಾಲಲ್ಲಿ ಕೂತರು.

“ಆಕಿ ಒಲ್ಲೆ ಅಂದಿಲ್ರಿ ಅವ್ವಾರ. ನನ್ನ ವೈರು ಒಲ್ಲೆ ಅಂತು. ಒಂದು ಗಂಟು ಸಡಲ ಬಿಟ್ಟಿದ್ದೆ. ನಂದ ತಪ್ಪು.”

“ನನ್ನ ಸಮಾಧಾನಕ್ಕ ಹೇಳಬ್ಯಾಡ.”

“ಖರೇನ ಹೇಳತೀನ್ರಿ.”

“ಆಣಿ ಮಾಡು.”

ಅವರು ಬಲಗೈ ಮುಂದೆ ಚಾಚಿದರು. ಮಸಿಯಾಗಿತ್ತು, ಎರಡು ಬೆರಳು ಸುಟ್ಟು ಬೊಬ್ಬೆ ಎದ್ದಿದ್ದವು. “ಈ ಕೈ ಆಣಿ. ಸುಳ್ಳಾಡಿದ್ರ ಈ ಕೈ ನಂದಲ್ಲ.”

ಡಾಕ್ಟರವ್ವ ಆ ಕೈಯನ್ನೇ ನೋಡಿದರು. ಅಂಗೈ ಉಜ್ಜಿಕೊಳ್ಳುವುದು ನಿಂತಿತು. ಮುಖದಲ್ಲಿದ್ದ ಭಯ ಇಳಿಯಿತು. ಇಳಿದ ಜಾಗದಲ್ಲಿ ಬೇರೊಂದು ಏರತೊಡಗಿದ್ದನ್ನು ನಾನು ಕಂಡೆ.

“ಅವರದಂತ ಉಳಿದದ್ದು ಅದೊಂದ ಇತ್ತು,” ಎಂದರು. “ನಿನ್ನ ಕೈಯಾಗ ಕೊಟ್ಟಿದ್ನಿ.”

“ಹೌದ್ರಿ.”

“ಮೂರು ವರ್ಷ ನನ್ನ ವೈರು, ನನ್ನ ವೈರು ಅಂತ ಹಾಡಿದ್ಯಲ್ಲ.”

“ಹೌದ್ರಿ ಅವ್ವಾರ.”

ಅಷ್ಟರಲ್ಲಿ ಹುಲಿಗಿಯ ಕಡೆಗೆ ಹೋಗುವ ಬಸ್ಸು ಬೆಂಕಿ ಕಂಡು ನಿಂತಿತು. ದೇವಿ ಬೇಡವೆಂದಿಲ್ಲ ಎಂದಾದ ಮೇಲೆ ಆಕೆಗೆ ಹಿಂದಿರುಗಲು ಕಾರಣವಿರಲಿಲ್ಲ. ಗಾಡಿಯಲ್ಲಿ ಹೊರಟದ್ದಂತೂ ನಿಜವೇ. ಉಡಿಯ ಗಂಟನ್ನು ನೀಲವ್ವನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದರು. ನನಗೆ ಹೋಗಿಬರುತ್ತೇನೆಂದು ಹೇಳಿದರು. ಮೌಲಾಸಾಬರ ಕಡೆ ತಿರುಗಿ ನೋಡಲಿಲ್ಲ.

ಹರಕೆ ತೀರಿತು. ನೀಲವ್ವ ಆ ದಿನ ದೇವಿಯ ಉಡಿ ತುಂಬಿದಳೆಂದೂ ಡಾಕ್ಟರವ್ವ ಅಂದು ರಾತ್ರಿ ಬಹುಕಾಲದ ಮೇಲೆ ಕಣ್ತುಂಬ ಮಲಗಿದರೆಂದೂ ಆಮೇಲೆ ತಿಳಿಯಿತು. ಆದರೆ ಆಕೆ ಮೌಲಾಸಾಬರನ್ನು ಕ್ಷಮಿಸಲಿಲ್ಲ. ಮೊದಲ ಸಲ ಅವರು ಕುಷ್ಟಗಿಗೆ ಹೋದಾಗ ಹೊರಗೆ ಬರಲಿಲ್ಲ. ಎರಡನೆಯ ಸಲ ಕಟ್ಟೆಯ ಮೇಲಿಂದಲೇ, “ಏನ ಸುಡಾಕ ಬಂದಿ?” ಎಂದು ಕೇಳಿದರಂತೆ. ಸುದ್ದಿ ಗಂಗಾವತಿಗೆ ಬಂತು. ಯಾವ ವೈರಿಂಗಿನ ಬಗ್ಗೆ ಅವರು ಕೊಚ್ಚಿಕೊಳ್ಳುತ್ತಿದ್ದರೋ ಅದನ್ನೇ ಹಿಡಿದು ಜನ ಆಡಿಕೊಂಡರು. ಗಿರಣಿಯವರು ಮೋಟಾರಿನ ಕೆಲಸಕ್ಕೆ ಬೇರೆಯವರನ್ನು ಕರೆಯತೊಡಗಿದರು. “ಮಿಸ್ತ್ರಿ, ಬೀಡಿಗೆ ಬೆಂಕಿ ಬೇಕಾಗಿತ್ತು, ಒಂದು ವೈರ್ ಕೊಡ್ರಿ,” ಎಂದು ಚಹಾದಂಗಡಿಯಲ್ಲಿ ಕೇಳುತ್ತಿದ್ದರು. ಪ್ರತಿ ಮಾತಿಗೂ ಎದುರುತ್ತರವಿದ್ದ ಆ ಮನುಷ್ಯ ಇದೊಂದಕ್ಕೆ ಉತ್ತರ ಕೊಡುತ್ತಿರಲಿಲ್ಲ. ನನ್ನೊಂದಿಗೆ ಮಾತ್ರ, ಎಷ್ಟು ದಿನದ ಮೇಲೆ ಭೇಟಿಯಾದರೂ, ಬಲಗೈ ಎತ್ತಿ ಬೆರಳು ಆಡಿಸಿ, “ಇನ್ನೂ ಐತ್ರಿ,” ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆಣೆಯ ಮಾತು ಅವರ ಮನಸ್ಸಿನಿಂದ ಹೋಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ತಂತಿಯ ತುಂಡನ್ನು ಅವರು ಆ ಬೇಸಿಗೆಯಲ್ಲೇ ನನಗೆ ತಂದುಕೊಟ್ಟಿದ್ದರು. “ನೀವ ಇಟ್ಕೊಳ್ರಿ ಸಾಹೇಬ್ರ. ನನ್ನ ಹತ್ರ ಇದ್ರ ಒಂದಿಲ್ಲೊಂದಿನ ಸಿಟ್ಟಿಗೆದ್ದು ಯಾರಿಗರ ತೋರಿಸಿಬಿಡ್ತೀನಿ.”

ಡಾಕ್ಟರವ್ವ 1987ರಲ್ಲಿ ತೀರಿಕೊಂಡರು. ನಾವಿಬ್ಬರೂ ಹೋದೆವು. ಅಂಗಳದಲ್ಲಿ ಯಾರೋ, “ಗಾಡಿ ಸುಟ್ಟಾವ ಬಂದಾನ,” ಎಂದರು. ಮೌಲಾಸಾಬರು ಒಳಗೆ ಬರಲಿಲ್ಲ. ಹಿತ್ತಲ ಕೊಟ್ಟಿಗೆಯ ಹತ್ತಿರ, ಕಾರು ನಿಲ್ಲುತ್ತಿದ್ದ ಖಾಲಿ ಜಾಗದಲ್ಲಿ, ಎಲ್ಲ ಮುಗಿಯುವವರೆಗೂ ನಿಂತಿದ್ದರು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಕೇಳಿದೆ:

“ಈಗರ ಹೇಳೂಣೇನು ಮಿಸ್ತ್ರಿ? ಇನ್ನ ಯಾರಿಗೂ ನೋವಿಲ್ಲ.”

“ಈಗ ಹೇಳಿದ್ರ ಆಕಿನ್ನ ಹುಲಿಗಿಯಿಂದ ಹೊಳ್ಳಿ ಕರಕೊಂಡ ಬಂದಂಗ ಆಕ್ಕೈತ್ರಿ,” ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಮರುವರ್ಷ ನನಗೆ ವರ್ಗವಾಯಿತು. ಮೌಲಾಸಾಬರು ಹೋಗಿಯೂ ಈಗ ಬಹಳ ವರ್ಷಗಳಾದವು, ನೀಲವ್ವನೂ ಇಲ್ಲ. ಗಂಗಾವತಿಯ ಹಳಬರು ಅವರನ್ನು ಈಗಲೂ ಡಾಕ್ಟರ ಗಾಡಿ ಸುಟ್ಟ ಮಿಸ್ತ್ರಿ ಎಂದೇ ಗುರುತಿಸುತ್ತಾರೆಂದು ಈಚೆಗೆ ಕೇಳಿದ ಮೇಲೆ, ಮೂವರ ಗೈರುಹಾಜರಿಯಲ್ಲಿ ಇದನ್ನು ಬರೆಯಲು ಧೈರ್ಯ ಮಾಡಿದ್ದೇನೆ. ಆಮೇಲೆ ನಾನು ಇನ್ನಾವ ಹಳೆಯ ಕಾರನ್ನೂ ಬಿಚ್ಚಲಿಲ್ಲ. ವಾಲ್ವ್ ಅರೆಯುವ ಆ ಮೆತ್ತನೆಯ ಸದ್ದು ಆಗಾಗ ಕಿವಿಗೆ ಬರುತ್ತದೆ.

ಮಣ್ಣಿನ ಕೆಲಸ ನನಗೆ ಕಲಿಸಿದ್ದು ಇಷ್ಟು: ಉಪ್ಪು ಕಾಣುವುದು ಮೇಲೆ, ಅದರ ಕಾರಣವಿರುವುದು ಕೆಳಗೆ, ತೋಡದೆ ತಿಳಿಯುವುದಿಲ್ಲ. ತೋಡುವ ಮುನ್ನ ಆ ನೆಲದ ಮೇಲೆ ಯಾರು ನಿಂತಿದ್ದಾರೆ ಎಂದು ನೋಡಬೇಕೆಂಬುದನ್ನು ನಾನು ಕಲಿತದ್ದು ಹುಲಿಗಿಯ ದಾರಿಯಲ್ಲಿ.

ಆ ತಂತಿಯ ತುಂಡು ಮಣ್ಣಿನ ಮಾದರಿ ಹಾಕುವ ಬಟ್ಟೆಯ ಚೀಲವೊಂದರಲ್ಲಿ ನನ್ನ ಬಳಿ ಇದೆ. ಒಂದು ತುದಿಯಲ್ಲಿ ನೂಲಿನ ಹೊದಿಕೆ ಇಲ್ಲ. ಇಲಿಯ ಹಲ್ಲಿನ ಗೀರುಗಳು ಭೂತಗನ್ನಡಿಯಿಲ್ಲದೆಯೇ ಕಾಣುತ್ತವೆ. ಇನ್ನೊಂದು ತುದಿಯಲ್ಲಿ ಮೌಲಾಸಾಬರು ಮೇಣದ ದಾರದಿಂದ ಹಾಕಿದ ಗಂಟಿದೆ. ಇದನ್ನು ಬರೆಯಲು ಕೂರುವ ಮುನ್ನ ಅದನ್ನು ಎಳೆದು ನೋಡಿದೆ. ಬಿಚ್ಚಲಿಲ್ಲ.